ಮುಂಬಾಗಿಲಲ್ಲಿ ನಿಂತ ಫಿಯಟ್

ಒಂದು ವರ್ಷದ ಕಾಳುಮೆಣಸು ಮಾರಿದ ದುಡ್ಡಿನಲ್ಲಿ ಕೊಂಡ ಹಳೇ ಫಿಯಟ್ ಕಾರು ನನ್ನದು. ಮೈಸೂರಿನ ಗುಜರಿ ಅಂಗಡಿಗಳಲ್ಲಿ ಬಿಡಿಭಾಗ ಹುಡುಕಿ ಹುಡುಕಿ ಅದನ್ನು ಫಳಫಳ ಹೊಳೆಯುವ ಹಾಗೆ ಮಾಡಿದ್ದೇನೆ. ಆದರೂ ಅಕ್ಕನ ಗಂಡನಿಗೆ, ಅಂದರೆ ನಮ್ಮ ಭಾವನಿಗೆ, ಅದಿನ್ನೂ ಗುಜರಿಯೇ.

ಮೊನ್ನೆ ಸುಂಟಿಕೊಪ್ಪದ ಹತ್ತಿರ ಒಂದು ರೆಸಾರ್ಟಿನಲ್ಲಿ ನೆಂಟರ ಮದುವೆ. ಸೋಮವಾರಪೇಟೆಯಿಂದ ಹೊರಡುವಾಗಲೇ ಭಾವ ಹೇಳಿದ್ದರು: "ನಿನ್ನ ಡಬ್ಬಾನ ಎಲ್ಲಾದರೂ ಹಿಂದುಗಡೆ ನಿಲ್ಲಿಸು ಮಾರಾಯ, ಮರ್ಯಾದೆ ಹೋಗುತ್ತೆ."

ನಾನು ತಲುಪುವ ಹೊತ್ತಿಗೆ ಅವರ ಹೊಸ ಕಾರು ಹಿಂದಿನ ಕೆಸರು ಮೈದಾನ ಸೇರಿತ್ತು. ಎಲ್ಲರ ಗಾಡಿಯನ್ನೂ ರೆಸಾರ್ಟಿನವರೇ ಪಾರ್ಕ್ ಮಾಡಬೇಕಂತೆ. ಯೂನಿಫಾರ್ಮ್ ತೊಟ್ಟ ಡ್ರೈವರ್ ನನ್ನ ಕೈಯಿಂದ ಕೀ ಇಸಕೊಂಡು, ಒಳಗೆ ಕೂತು, ಸೀಟಿನ ಪಕ್ಕವೆಲ್ಲ ತಡಕಾಡಿದ.

"ಸಾರ್, ಗೇರ್ ಎಲ್ಲಿ?"

"ಸ್ಟೇರಿಂಗ್ ಪಕ್ಕದಲ್ಲೇ ಇದೆ ನೋಡಿ, ಎಡಗಡೆ."

ಅದನ್ನು ಮೆಲ್ಲಗೆ ಮುಟ್ಟಿದವನು ಹಾವು ಮುಟ್ಟಿದ ಹಾಗೆ ಕೈ ತೆಗೆದು, ಇಳಿದೇಬಿಟ್ಟ.

"ನಾನೇ ನಿಲ್ಲಿಸಿ ಬರ್ತೀನಿ" ಅಂದೆ.

"ಅಯ್ಯೋ ಬೇಡ ಸಾರ್, ಗೆಸ್ಟ್ ಪಾರ್ಕ್ ಮಾಡಿದ್ರೆ ಮ್ಯಾನೇಜರ್ ಬೈತಾರೆ. ಇಲ್ಲೇ ಮುಂದೆ ಇರ್ಲಿ ಬಿಡಿ."

ಊಟ ಮುಗಿಸಿ ಹೊರಬಂದಾಗ ಮದುಮಕ್ಕಳು ನನ್ನ ಫಿಯಟ್ಟಿಗೆ ಒರಗಿ ಫೋಟೋ ತೆಗೆಸಿಕೊಳ್ಳುತ್ತಿದ್ದರು. ಕೆಸರು ಮೆತ್ತಿದ ತಮ್ಮ ಕಾರಿನಿಂದಲೇ ತಲೆ ಹೊರಹಾಕಿ ಭಾವ ಕೇಳಿದರು: "ನಿಂದು ಮಾತ್ರ ಯಾಕೋ ಇಲ್ಲಿ?"

"ಮುಂದೆಯೇ ಇರಲಿ ಅಂದ್ರು, ಭಾವ" ಅಂದೆ. ಅದರಲ್ಲಿ ಒಂದಕ್ಷರವೂ ಸುಳ್ಳಿರಲಿಲ್ಲ.