ಅರ್ಧಕ್ಕೆ ನಿಂತ ‘ಹೋಗಿ ಬಾ’

ನಮ್ಮ ನಾಯಿಗೆ ಎರಡು ಭಾಷೆ ಬರುತ್ತಿತ್ತು. ಮನೆಯೊಳಗೆ ಧಾರವಾಡದ ಕನ್ನಡ, ಲಿಫ್ಟಿನಿಂದಾಚೆ ಮರಾಠಿ. ಪುಣೆಯ ಖರಾಡಿಯ ನಮ್ಮ ಅಪಾರ್ಟ್‌ಮೆಂಟಿನ ವಾಚ್‌ಮನ್ ಮರಾಠಿಯಲ್ಲಿ ‘ಬಸ್’ ಎಂದರೆ ಗೇಟಿನ ಬಳಿ ಶಿಸ್ತಾಗಿ ಕೂರುತ್ತಿತ್ತು. ಅದೇ ‘ಬಸ್’ ಅನ್ನು ನಾನು ಮನೆಯೊಳಗೆ ಹೇಳಿದರೆ, ಮರಾಠಿ ಕೇಳಿಸಿತು ಅಂದಮೇಲೆ ಹೊರಗೆ ತಿರುಗಾಡಲು ಹೊರಟಿದ್ದೇವೆ ಎಂದು ತಿಳಿದು, ಚಪ್ಪಲಿ ಸ್ಟ್ಯಾಂಡಿನಿಂದ ತನ್ನ ಬೆಲ್ಟನ್ನು ಕಚ್ಚಿಕೊಂಡು ಬರುತ್ತಿತ್ತು. ಇದನ್ನು ಯಾರೂ ಕಲಿಸಿರಲಿಲ್ಲ. ಪುಣೆಯಲ್ಲಿ ಮೂವತ್ತು ವರ್ಷ ಕಳೆದ ನನ್ನ ಅವ್ವನ ನಡವಳಿಕೆಯೂ ಇದೇ ಆದ್ದರಿಂದ ಮನೆತನದ ಪದ್ಧತಿ ಎಂದುಕೊಂಡಿರಬೇಕು.

ನಾನು ರಾಂಜಣಗಾಂವದ ಒಂದು ಕಾರ್ಖಾನೆಯಲ್ಲಿ ಗುಣಮಟ್ಟದ ತಪಾಸಣೆ ಮಾಡುವವಳು. ಯಂತ್ರದ ಬಿಡಿಭಾಗಗಳನ್ನು ಕೈಯಲ್ಲಿ ಹಿಡಿದು ‘ಇದು ನಡೆಯುತ್ತದೆ, ಇದು ನಡೆಯುವುದಿಲ್ಲ’ ಎನ್ನುವುದೇ ದಿನವಿಡೀ ಕೆಲಸ. ಬಂದ ವರಗಳಿಗೂ ಅದನ್ನೇ ಹೇಳಿ ಹೇಳಿ ಮದುವೆ ಆಗದೆ ಉಳಿದೆ ಎಂಬುದು ಅವ್ವನ ವಾದ. ನಾಯಿ ಸಿಕ್ಕಿದ್ದೂ ಕಾರ್ಖಾನೆಯ ಗೇಟಿನಲ್ಲೇ. ಮರಿಯಾಗಿದ್ದಾಗ ನನ್ನ ಊಟದ ಚೀಲದಲ್ಲಿ ಕೂತು ಕಂಪನಿ ಬಸ್ಸಿನಲ್ಲಿ ಮನೆಗೆ ಬಂತು. ಅವತ್ತು ಅವ್ವ ಸೊಂಟದ ಮೇಲೆ ಕೈಯಿಟ್ಟು, “ಈ ಮನಿಯೊಳಗ ಅದರ ಇರ್ತದ, ಇಲ್ಲಾ ನಾನರ ಇರ್ತೇನಿ” ಎಂದಳು. ವಾರದೊಳಗೆ ಅದಕ್ಕೆ ತುಪ್ಪ ಸವರಿದ ಜೋಳದ ರೊಟ್ಟಿ, ನನಗೆ ಒಣ ರೊಟ್ಟಿ.

ಕಂಪನಿಯವರು ನನ್ನನ್ನು ಎರಡು ವರ್ಷ ಜರ್ಮನಿಗೆ ಕಳಿಸುತ್ತೇವೆ ಎಂದಾಗ, ನಾಯಿ ಬರುವುದಾದರೆ ನಾನು ಬರುತ್ತೇನೆ, ಇಲ್ಲವಾದರೆ ಬೇರೆಯವರನ್ನು ನೋಡಿಕೊಳ್ಳಿ ಎಂದೆ. ಸಾಹೇಬರು ನಕ್ಕರು. ನಾನು ನಗಲಿಲ್ಲ. ಹಿಂದೊಮ್ಮೆ ನಾಲ್ಕು ದಿನ ಚೆನ್ನೈಗೆ ಹೋಗಿದ್ದಾಗ ಅದು ತುಪ್ಪದ ರೊಟ್ಟಿಯನ್ನೂ ಮೂಸದೆ ಬಾಗಿಲ ಮುಂದೆಯೇ ಬಿದ್ದಿತ್ತು. ನಾಲ್ಕೇ ದಿನಕ್ಕೆ ಹಾಗಾದರೆ ಎರಡು ವರ್ಷಕ್ಕೆ ಏನು ಗತಿ? ಅವ್ವನೂ, “ಅದನ್ನ ಕರ್ಕೊಂಡ ನಡಿ. ಅದರ ಉಪವಾಸ ನನ್ನ ಕೈಲೆ ನೋಡೋದು ಆಗೂದಿಲ್ಲ” ಎಂದಳು. ತನ್ನ ವ್ಯವಸ್ಥೆಯನ್ನು ಅವಳು ಆಗಲೇ ಮಾಡಿಕೊಂಡಿದ್ದಳು. ಶಿವಾಜಿನಗರದಲ್ಲಿರುವ ನನ್ನ ಮೌಶಿ, ಅಂದರೆ ಅವಳ ತಂಗಿ, ಗಂಟುಮೂಟೆ ಸಮೇತ ನಮ್ಮ ಮನೆಗೆ ಬಂದಿರುವುದೆಂದು ಇಬ್ಬರೂ ಫೋನಿನಲ್ಲೇ ತೀರ್ಮಾನಿಸಿದ್ದರು. “ಟಿವಿ ರಿಮೋಟ ಒಂದು ನಮ್ಮ ಕೈಗೆ ಬರ್ತದ” ಎಂದು ಅವ್ವ ನನ್ನೆದುರಿಗೇ ಸಂತೋಷಪಟ್ಟಳು.

ನಾಯಿಯನ್ನು ವಿಮಾನದಲ್ಲಿ ಕಳಿಸಿಕೊಡುವ ಏಜೆಂಟರೊಬ್ಬರನ್ನು ಹಿಡಿದೆ. ಮರಾಠಿಯವರು, ತಾಳ್ಮೆಯ ಮನುಷ್ಯ. ಕುತ್ತಿಗೆಯ ಚರ್ಮದೊಳಗೆ ಗುರುತಿನ ಮೈಕ್ರೋಚಿಪ್ ಹಾಕಿಸಬೇಕು, ಚುಚ್ಚುಮದ್ದು ಆಗಬೇಕು, ರಕ್ತ ಪರೀಕ್ಷೆಗೆ ಕಳಿಸಿ ಮೂರು ತಿಂಗಳು ಕಾಯಬೇಕು ಎಂದೆಲ್ಲ ವಿವರಿಸಿದರು. ನನ್ನ ವೀಸಾಕ್ಕೆ ಇಷ್ಟು ಕೇಳಿರಲಿಲ್ಲ. ಅದೆಲ್ಲ ಸಲೀಸಾಗಿ ಆಯಿತು. ಕಷ್ಟದ್ದು ಒಂದೇ: ನಾಯಿ ತಾನಾಗಿ ಪೆಟ್ಟಿಗೆಯೊಳಗೆ ಹೋಗಿ, ಬಾಗಿಲು ಹಾಕಿದರೆ ಗಲಾಟೆಯಿಲ್ಲದೆ ಕೂತಿರಬೇಕು. ಮುಂಬೈ ವಿಮಾನ ನಿಲ್ದಾಣದಲ್ಲಿ ಅಧಿಕಾರಿ ಕಣ್ಣಾರೆ ನೋಡುತ್ತಾರೆ. ಪರಚಿ ಒದ್ದಾಡಿದರೆ ವಿಮಾನಕ್ಕೆ ಹತ್ತಿಸುವುದಿಲ್ಲ. ಅಲ್ಲಿಗೆ ಜರ್ಮನಿ ಮುಗಿಯಿತು.

ದೊಡ್ಡ ಪ್ಲಾಸ್ಟಿಕ್ ಪೆಟ್ಟಿಗೆಯೊಂದು ನಮ್ಮ ಹಾಲ್‌ಗೆ ಬಂದು ಸೋಫಾವನ್ನು ಮೂಲೆಗೆ ತಳ್ಳಿತು. ಏಜೆಂಟರು ಮರಾಠಿಯಲ್ಲಿ ‘ಆತ್ ಜಾ’, ಅಂದರೆ ಒಳಗೆ ಹೋಗು ಎಂದರು. ನಾಯಿ ಹೋಗಿ ಬೆಲ್ಟು ತಂದುಕೊಟ್ಟಿತು. ಹೀಗಾಗಿ ತಾಲೀಮು ಕನ್ನಡದಲ್ಲೇ ಆಗಬೇಕಾಯಿತು. ನಾನು ಬೆಳಿಗ್ಗೆ ಏಳಕ್ಕೆ ಹೊರಟರೆ ಮನೆ ಸೇರುವುದು ಸಂಜೆ. ರೊಟ್ಟಿಯ ಅಧಿಕಾರವೂ ಅವ್ವನದು. ತಾಲೀಮಿನ ಜವಾಬ್ದಾರಿ ಅವಳಿಗೇ ಬಂತು. ಮೂರನೆಯ ದಿನವೇ ಅವಳು ಕಾರ್ಖಾನೆಗೆ ಫೋನ್ ಮಾಡಿ, “ಭಾಳ ಶಾಣ್ಯಾ ಅದ. ಹೇಳಿದ ಕೂಡಲೆ ಒಳಗ ಹೋಗ್ತದ” ಎಂದಳು.

ಹೋಗುತ್ತಿತ್ತು, ನಿಜ. ಸಂಜೆ ನನ್ನ ಮುಂದೆಯೂ ಮಾಡಿ ತೋರಿಸಿದಳು. ನಾಯಿ ಗತ್ತಿನಿಂದ ಪೆಟ್ಟಿಗೆಯೊಳಗೆ ನಡೆದು, ಹಿಂದಿನ ಗೋಡೆಗೆ ಮೂಗು ಮುಟ್ಟಿಸಿ, ತಿರುಗಿ, ಹೊರಗೆ ಬಂದು ಬಾಲ ಅಲ್ಲಾಡಿಸಿತು. ಮತ್ತೊಮ್ಮೆ ಹೇಳಿದಳು. ಮತ್ತೆ ಹೋಯಿತು, ಮುಟ್ಟಿತು, ಬಂತು. ಗಡಬಡಿಸಿ ಬಾಗಿಲು ಹಾಕಿದರೆ ಮೋಸ ಹೋದವರಂತೆ ಊಳಿಟ್ಟು, ಅಪಾರ್ಟ್‌ಮೆಂಟಿನ ಮೂರು ಮಹಡಿಯವರು ಬಾಲ್ಕನಿಗೆ ಬರುವ ಹಾಗೆ ಮಾಡಿತು. ಎರಡು ವಾರ ಹೀಗೇ ನಡೆಯಿತು. ಕುಣಿಯಲಾರದವಳು ನೆಲ ಡೊಂಕು ಅಂದಳಂತೆ. ನಾನು ಪೆಟ್ಟಿಗೆ ಸಣ್ಣದೆಂದು ಬೈದು ಇನ್ನೊಂದು ತರಿಸಿದೆ. ಅದರಲ್ಲೂ ಹೋಗಿ, ಮುಟ್ಟಿ, ಬಂತು.

ಒಂದು ಭಾನುವಾರ ಏಜೆಂಟರು ಬಂದು ಸೋಫಾದ ತುದಿಯಲ್ಲಿ ಕೂತು ತಾಲೀಮು ನೋಡಿದರು. ಮೂರು ಸಲ ನೋಡಿದ ಮೇಲೆ ನನ್ನ ಕಡೆ ತಿರುಗಿ, ಆಜಿ, ಅಂದರೆ ಅವ್ವ, ನಾಯಿಗೆ ಹೇಳುತ್ತಿರುವುದು ಏನು ಎಂದು ಕೇಳಿದರು. ‘ಹೋಗಿ ಬಾ’ ಎಂದು ನಾನು ಅರ್ಥ ಹೇಳಿದೆ. ಆ ಮನುಷ್ಯ ಹಣೆ ಹಣೆ ಬಡಿದುಕೊಂಡರು.

“ಆಜಿ, ತುಮ್ಹೀ ತ್ಯಾಲಾ ಜಾ ಪಣ್ ಸಾಂಗ್ತಾ, ಯೇ ಪಣ್ ಸಾಂಗ್ತಾ” ಎಂದರು. ನೀವು ಅದಕ್ಕೆ ಹೋಗು ಅಂತಲೂ ಹೇಳುತ್ತೀರಿ, ಬಾ ಅಂತಲೂ ಹೇಳುತ್ತೀರಿ ಎಂದು.

ನನಗೆ ನಾಚಿಕೆಯಾಯಿತು. ದಿನವೂ ಪರರ ತಪ್ಪು ಹುಡುಕುವ ನಾನು, ಅಳತೆಯ ನಕ್ಷೆಯೇ ತಪ್ಪಿರುವಾಗ ಎರಡು ವಾರ ಪಾಪದ ಪ್ರಾಣಿಯನ್ನು ರಿಜೆಕ್ಟ್ ಮಾಡುತ್ತ ಕೂತಿದ್ದೆ. ಅದು ಹೇಳಿದ್ದನ್ನು ಅಕ್ಷರಶಃ ಮಾಡುತ್ತಿತ್ತು. ಹೋಗುತ್ತಿತ್ತು, ಬರುತ್ತಿತ್ತು.

“ಅವ್ವಾ, ಬರೇ ‘ಹೋಗು’ ಅನ್ನು” ಎಂದೆ.

“ಅನ್ನೂದಿಲ್ಲ” ಎಂದಳು.

ನಮ್ಮ ಮನೆಯಲ್ಲಿ ಯಾರಿಗೂ ‘ಹೋಗು’ ಎನ್ನುವ ಪದ್ಧತಿಯಿಲ್ಲ. ನಾನು ಹಾಲು ತರಲು ಕೆಳಗಿಳಿದರೂ ‘ಹೋಗಿ ಬಾ’. ರದ್ದಿ ಪೇಪರಿನವನಿಗೂ ‘ಹೋಗಿ ಬಾರಪಾ’. ಎಲ್ಲರ ಮನೆಯಲ್ಲೂ ಹೀಗೇ ಅನ್ನುತ್ತಾರೆ, ಆದರೆ ಅವ್ವನಿಗೆ ಅದೊಂದು ವ್ರತ. ಅದಕ್ಕೆ ಕಾರಣ ಅಪ್ಪ. ಊರಿಗೆ ಹೊರಟ ಅಪ್ಪ ಬಾಗಿಲಲ್ಲಿ ನಿಂತು ‘ಬರ್ತೇನಿ’ ಎಂದಾಗ ಅವ್ವನ ಕೈಯಲ್ಲಿ ಒಗ್ಗರಣೆ ಹೊತ್ತುತ್ತಿತ್ತು. ತಿರುಗಿ ನೋಡದೆ ‘ಹೂಂ, ಹೋಗ್ರಿ’ ಎಂದಳು. ಶಿವಾಜಿನಗರದ ಬಸ್ ಸ್ಟ್ಯಾಂಡಿನಲ್ಲೇ ಅಪ್ಪನ ಎದೆ ನಿಂತಿತು. ಡಾಕ್ಟರರು ರಕ್ತನಾಳದ ಹೆಸರು ಹೇಳಿದರು. ಅವ್ವ ಮಾತ್ರ ಆ ಒಂದು ಮಾತಿನ ಹೆಸರು ಹೇಳುತ್ತಾಳೆ. ನಾನು ಈ ವಿಷಯದಲ್ಲಿ ಅವಳೊಡನೆ ಎಂದೂ ವಾದ ಮಾಡಿಲ್ಲ.

ಏಜೆಂಟರಿಗೆ ಇದನ್ನೆಲ್ಲ ಮರಾಠಿಯಲ್ಲಿ ಸಣ್ಣದಾಗಿ ಹೇಳಿದೆ. ಅವರು ತಮ್ಮ ಮನೆಯಲ್ಲೂ ‘ಜಾಊನ್ ಯೇ’ ಎಂದೇ ಅನ್ನುವುದು ಎಂದರು. ಆಮೇಲೆ ಒಂದು ಉಪಾಯ ಸೂಚಿಸಿದರು. ಆಜಿ ಮಾತು ಬಿಡುವುದು ಬೇಡ, ಮುರಿದು ಹೇಳಲಿ. ಮೊದಲು ‘ಹೋಗು’. ಬಾಗಿಲು ಹಾಕುವುದು. ಹತ್ತು ನಿಮಿಷದ ಮೇಲೆ ಬಾಗಿಲು ತೆಗೆದು ‘ಬಾ’. ಮಾತು ಒಂದೇ, ನಡುವೆ ಉಸಿರು ಸ್ವಲ್ಪ ಉದ್ದ, ಅಷ್ಟೇ.

ಅವ್ವ ಯೋಚಿಸಿದಳು. “ನಡುವ ನಾ ಬ್ಯಾರೆ ಏನರ ಮಾತಾಡಿದ್ರ ಮಾತು ಕಟ್ಟಾಗೂದಿಲ್ಲೇನು?” ಎಂದು ಕೇಳಿದಳು. ನಾನು ಅದನ್ನು ಮರಾಠಿಯಲ್ಲಿ ತಿಳಿಸಿದಾಗ, ಕಟ್ಟಾಗಬಹುದು ಎಂದು ಏಜೆಂಟರು ಪಾಪ ತಿಳಿಯದೆ ಹೇಳಿಬಿಟ್ಟರು.

ಅಂದಿನಿಂದ ನಮ್ಮ ಮನೆಯಲ್ಲಿ ಮೌನವ್ರತ ಶುರುವಾಯಿತು. ಅವ್ವ ‘ಹೋಗು’ ಎಂದು ಚಿಲಕ ಹಾಕಿ, ಸೆರಗಿನ ತುದಿಯನ್ನು ಬಾಯಿಗೆ ತುರುಕಿಕೊಂಡು ಪೆಟ್ಟಿಗೆಯ ಎದುರು ಕೂರುತ್ತಿದ್ದಳು. ಒಳಗೆ ನಾಯಿ ಕಿವಿ ನಿಮಿರಿಸಿ ಉಳಿದ ಮಾತಿಗಾಗಿ ಕಾಯುತ್ತಿತ್ತು. ಹತ್ತು ನಿಮಿಷ ಅರ್ಧ ತಾಸಾಯಿತು, ಅರ್ಧ ತಾಸು ಮೂರು ತಾಸಾಯಿತು. ಫೋನ್ ಬಂದರೆ ಎತ್ತುತ್ತಿರಲಿಲ್ಲ. ಊಟ ಮಾಡುತ್ತಿರಲಿಲ್ಲ. ಆಗಲೇ ಬಂದು ಸೇರಿದ್ದ ಮೌಶಿ ಬಾಗಿಲಿಗೆ ಬಂದವರಿಗೆಲ್ಲ, “ತಡಿರಿ, ಅಕ್ಕನ ಮಾತು ಇನ್ನೂ ಮುಗದಿಲ್ಲ” ಎನ್ನುತ್ತಿದ್ದಳು. ಗ್ಯಾಸ್ ಸಿಲಿಂಡರಿನವನು ಒಮ್ಮೆ ಹಾಗೇ ವಾಪಸು ಹೋದ. ನಾಯಿ ಕೊನೆಕೊನೆಗೆ ಪೆಟ್ಟಿಗೆಯಲ್ಲೇ ನಿದ್ದೆ ಹೊಡೆಯಲು ಕಲಿಯಿತು. ಸೊರಗಿದ್ದು ಅವ್ವ.

ಹೊರಡುವ ದಿನ ಮೂವರೂ ಟ್ಯಾಕ್ಸಿಯಲ್ಲಿ ಮುಂಬೈಗೆ ಹೋದೆವು. ನಾನು, ನಾಯಿ, ಮತ್ತು ಡಬ್ಬಿಯಲ್ಲಿ ತುಪ್ಪದ ರೊಟ್ಟಿ ಹಿಡಿದ ಅವ್ವ. ವಿಮಾನ ಸಂಜೆಗಿತ್ತು, ಮಧ್ಯಾಹ್ನವೇ ಸರಕು ಇಳಿಸುವ ಶೆಡ್ಡಿನಲ್ಲಿ ನಾಯಿಯನ್ನು ಒಪ್ಪಿಸಬೇಕಿತ್ತು. ಏಜೆಂಟರು ಕಾಗದ ಕೊಟ್ಟರು. ಅಧಿಕಾರಿ ಕೈಗಡಿಯಾರ ನೋಡಿಕೊಂಡು, ಒಳಗೆ ಹಾಕಿ, ಹತ್ತು ನಿಮಿಷ ನೋಡುತ್ತೇನೆ ಎಂದರು. ಫೋರ್ಕ್‌ಲಿಫ್ಟುಗಳ ಸದ್ದು, ಮೀನಿನ ಪೆಟ್ಟಿಗೆಗಳ ವಾಸನೆ. ನಾಯಿ ನನ್ನ ಕಾಲಿಗೆ ಅಂಟಿಕೊಂಡು ನಡುಗುತ್ತಿತ್ತು.

ಅವ್ವ ಬಗ್ಗಿ ಅದರ ಹಣೆ ಮುಟ್ಟಿ, “ಹೋಗು” ಎಂದಳು. ನಾಯಿ ಅವಳ ಮುಖ ನೋಡಿತು, ಒಳಗೆ ನಡೆಯಿತು, ಮೂಗು ಮುಟ್ಟಿಸಿ ತಿರುಗಿತು, ಕೂತಿತು. ಚಿಲಕ ಬಿತ್ತು. ಅವ್ವನ ಸೆರಗು ಬಾಯಿಗೆ ಹೋಯಿತು. ಹತ್ತು ನಿಮಿಷ ಎರಡೂ ಜೀವಗಳು ಮಿಸುಕಲಿಲ್ಲ. ಅಧಿಕಾರಿ ಪೆಟ್ಟಿಗೆಗೆ ಚೀಟಿ ಅಂಟಿಸಿ, ಇಷ್ಟು ಸಭ್ಯ ನಾಯಿಯನ್ನು ನೋಡಿಲ್ಲ ಎಂದರು.

ನಾನು ಅವ್ವನ ಕಾಲಿಗೆ ನಮಸ್ಕಾರ ಮಾಡಿದೆ. ಅವಳು ಸೆರಗನ್ನು ತೆಗೆದು, “ಹೋಗು” ಎಂದಳು. ಇನ್ನೇನೋ ಬರುತ್ತದೆಂದು ಕಾದೆ. ಬರಲಿಲ್ಲ. ಅವಳು ಟ್ಯಾಕ್ಸಿ ಹತ್ತಿದಳು. ನನಗೆ ಸಿಟ್ಟು ಬಂತು. ನಾಯಿಗೆ ತಿಂಗಳುಗಟ್ಟಲೆ ಉಪಚಾರ. ಹೊಟ್ಟೆಯಲ್ಲಿ ಹುಟ್ಟಿದವಳಿಗೆ ಒಂದು ಪೂರ್ತಿ ‘ಹೋಗಿ ಬಾ’ ಇಲ್ಲ. ಆಯಾಸದಲ್ಲಿ ಮರೆತಿರಬೇಕು ಎಂದು ವಿಮಾನದಲ್ಲಿ ಸಮಾಧಾನ ಮಾಡಿಕೊಂಡೆ. ಸಮಾಧಾನ ಆಗಲಿಲ್ಲ, ಅತ್ತುಬಿಟ್ಟೆ.

ಮರುದಿನ ಬೆಳಿಗ್ಗೆ ಜರ್ಮನಿಯ ವಿಮಾನ ನಿಲ್ದಾಣದಲ್ಲಿ, ಪ್ರಾಣಿಗಳನ್ನು ಬಿಡಿಸಿಕೊಳ್ಳುವ ಕೋಣೆಯಲ್ಲಿ, ಪೆಟ್ಟಿಗೆ ನನ್ನ ಮುಂದೆ ಬಂತು. ಹಸಿರು ಅಂಗಿಯ ಹೆಂಗಸೊಬ್ಬಳು ಮೈಕ್ರೋಚಿಪ್ ಪರೀಕ್ಷಿಸಬೇಕೆಂದು ಬಾಗಿಲು ತೆರೆದಳು. ನಾಯಿ ಹೊರಗೆ ಬರಲಿಲ್ಲ. ಅವಳು ಜರ್ಮನ್‌ನಲ್ಲಿ ಕರೆದಳು, ಇಂಗ್ಲಿಷಿನಲ್ಲಿ ಕರೆದಳು, ಬಿಸ್ಕತ್ತು ತೋರಿಸಿದಳು. ನಾನು ‘ಬಾ’ ಎಂದೆ. ನನ್ನನ್ನು ನೋಡಿ ಬಾಲ ಬಡಿಯಿತು, ಆದರೆ ಏಳಲಿಲ್ಲ. ಮಾತು ಶುರು ಮಾಡಿದವರೇ ಮುಗಿಸಬೇಕಲ್ಲ.

ಪುಣೆಗೆ ಫೋನ್ ಹಚ್ಚಿದೆ. ಮೊದಲ ಗಂಟೆಗೇ ಮೌಶಿ ಎತ್ತಿದಳು. “ನಿನ್ನೆಯಿಂದ ಬಾಯಾಗ ಸೆರಗು ಹಾಕ್ಕೊಂಡು ಕೂತಾಳ. ಟ್ಯಾಕ್ಸಿಯವ ಮೂಕಿ ಅಂತ ತಿಳದು ಕೈಸನ್ನಿ ಮಾಡಿ ಇಳಿಸಿಹೋದ” ಎಂದು ದೂರಿದಳು. ಫೋನ್ ಅವ್ವನಿಗೆ ಕೊಡಲು ಹೇಳಿ, ನಾನು ನನ್ನ ಫೋನನ್ನು ಪೆಟ್ಟಿಗೆಯ ಬಾಯಿಗೆ ಹಿಡಿದೆ.

“ಬಾ” ಎಂದಿತು ಫೋನು. ದನಿ ಒಡೆದಿತ್ತು.

ನಾಯಿ ಎದ್ದು, ಮೈ ಕೊಡವಿ, ಹೊರಗೆ ಬಂದು ಫೋನನ್ನು ನೆಕ್ಕಿತು. ಹಸಿರು ಅಂಗಿಯವಳು ಇದು ಯಾವ ಭಾಷೆ ಎಂದು ಕೇಳಿದಳು. ನಾನು ಜೊಲ್ಲು ಒರೆಸಿ ಫೋನನ್ನು ಕಿವಿಗೆ ಹಚ್ಚಿದೆ.

“ಅವ್ವಾ, ನನಗ್ಯಾಕ ಬರೇ ‘ಹೋಗು’ ಅಂದಿ? ಮರತಿದ್ದೇನು?”

“ಮರಿಲಿಕ್ಕೆ ನನಗ ಅರವು ಮರವು ಆಗೇದೇನು” ಎಂದಳು. “ನಿಂದು ‘ಬಾ’ ನನ್ನ ಹತ್ರ ಅದ. ನೀ ತಿಳದಾಕಿ, ನಡುವ ಮಾತಾಡಿದ್ರೂ ಅದು ಕಟ್ಟಾಗೂದಿಲ್ಲ. ಎರಡು ವರ್ಷ ಆಗಲಿ, ಬಾಗಿಲದಾಗ ನಿಂತು ಅಂತೇನಿ. ಅಲ್ಲೀತನಕಾ ನನಗೇನೂ ಆಗೂದಿಲ್ಲ. ಮಾತು ಮುಗಸೂದದ.”