ಚಾಚಾನ ಬೆಳಕಿಂಡಿ

ದಾವಣಗೆರೆಯಲ್ಲಿ ಆಗ ಸುಣ್ಣ ಬಳಿಯಲು, ಒಡೆದ ಹೆಂಚು ಬದಲಿಸಲು, ಬಿದ್ದ ಗೋಡೆಯನ್ನು ಇದ್ದಷ್ಟೇ ಎತ್ತರಕ್ಕೆ ಕಟ್ಟಲು ಮುನ್ಸಿಪಾಲಿಟಿಯನ್ನು ಕೇಳಬೇಕಿರಲಿಲ್ಲ. ಗೋಡೆ ಎತ್ತರಿಸಲು, ಗೋಡೆ ಒಡೆದು ಕಿಟಕಿ ಇಡಲು ಮಾತ್ರ ನಕ್ಷೆ ಕೊಟ್ಟು ಪರವಾನಗಿ ಪಡೆಯಬೇಕಿತ್ತು. ಎಸ್ಸೆಸ್ಸೆಲ್ಸಿ ಪಾಸಾಗಿ ಹತ್ತಿ ಗಿರಣಿಯಲ್ಲಿ ಗುಮಾಸ್ತನಾಗಿದ್ದ ನನಗೆ ಇದು ಚೆನ್ನಾಗಿ ಗೊತ್ತಿತ್ತು. ತಿಳಿಯದೆ ಮಾಡಿದೆ ಎನ್ನುವ ಹಾಗಿಲ್ಲ.

ಅರವತ್ತರ ದಶಕದ ಮೊದಲ ವರ್ಷಗಳು. ಮದುವೆಯಾಗಿ ನಾಲ್ಕು ತಿಂಗಳಾದರೂ ನನಗೂ ಹೆಂಡತಿಗೂ ಒಂದು ಕೋಣೆ ಇರಲಿಲ್ಲ. ನಮ್ಮ ಮಾಳಿಗೆಯ ಅಂಚಿನಲ್ಲಿ ಮೊಣಕಾಲೆತ್ತರದ ಗೋಡೆಯಿತ್ತು. ಅದನ್ನು ಆಳೆತ್ತರ ಏರಿಸಿ ಹೆಂಚು ಹೊದಿಸಿದರೆ ಕೋಣೆಯಾಗುತ್ತಿತ್ತು. ಆದರೆ ಪಕ್ಕದ ಮನೆಯ ಬೆಳಕಿಂಡಿ ಅದೇ ಗೋಡೆಯ ಮೇಲ್ಗಡೆಗೆ ತೆರೆಯುತ್ತಿತ್ತು; ಗೋಡೆ ಏರಿಸಿದರೆ ಅದಕ್ಕೆ ಬೆಳಕು ತಪ್ಪುತ್ತಿತ್ತು. ಅದರ ಕೆಳಗೆ ದರ್ಜಿ ಚಾಚಾನ ಹೊಲಿಗೆ ಯಂತ್ರ. ಅರ್ಜಿ ಹಾಕಿದರೆ ಮುನ್ಸಿಪಾಲಿಟಿಯ ಓವರ್‌ಸಿಯರ್ ಅದನ್ನು ನೋಡಿ ಒಪ್ಪುತ್ತಿರಲಿಲ್ಲ.

ಚಾಚಾನಿಗೆ ಹೇಳಿದೆ: "ಹದಿನೈದು ದಿನ ತಡ್ಕೋ ಚಾಚಾ. ನನ್ ಗ್ವಾಡ್ಯಾಗ ನಿನ್ ಕಿಂಡಿಗೆ ಎದುರಾಗಿ ಕಿಟಕಿ ಇಡಿಸ್ತೀನಿ."

"ಮನಿಗೆ ಸೊಸಿ ಬಂದಾಳ, ಕ್ವಾಣಿ ಬ್ಯಾಡ ಅನ್ನಾಕಾಗ್ತೈತೇನು? ಕಟ್ಟು," ಎಂದ.

ಶನಿವಾರ ಮಧ್ಯಾಹ್ನ ಮುನ್ಸಿಪಾಲಿಟಿ ಕಚೇರಿ ಮುಚ್ಚಿದ ಮೇಲೆ ಶುರು ಮಾಡಿ ಭಾನುವಾರ ಸಂಜೆಗೆ ಮುಗಿಸಿದೆವು. ಗಾರೆಯವನು ಸಗಣಿ, ಒಲೆಯ ಮಸಿ, ಕೆಮ್ಮಣ್ಣು ಕಲಸಿ ಹೊಸ ಗೋಡೆಗೆ ಹಚ್ಚಿದ. "ನಿಮ್ಮಪ್ಪಗಿಂತ ವಯಸ್ಸಾದಂಗೆ ಮಾಡೀನಿ ನೋಡ್ರಿ," ಎಂದು ನಕ್ಕ.

ಯಾರೋ ದೂರು ಕೊಟ್ಟಿದ್ದರು. ಬುಧವಾರ ಓವರ್‌ಸಿಯರ್ ಬಂದರು. ಗೋಡೆಯನ್ನು ಉಗುರಿನಿಂದ ಕೆರೆದು ನೋಡಿ, ಚಾಚಾನನ್ನು ಕರೆದು ಕೇಳಿದರು: "ಮೊದ್ಲು ಇಲ್ಲಿ ಕ್ವಾಣಿ ಇತ್ತೇನು?"

ಚಾಚಾ ನನ್ನ ಮುಖ ನೋಡಿದ. "ಇತ್ರಿ ಸಾಹೇಬ್ರ. ಮಳೀಗೆ ಬಿದ್ದಿತ್ತು. ರಿಪೇರಿ ಮಾಡ್ಸ್ಯಾನ."

ಅವನ ಆ ಮಾತಿನಿಂದ ನನ್ನ ಕೋಣೆ ಉಳಿಯಿತು.

ಹದಿನೈದು ದಿನ ಕಳೆಯಿತು, ತಿಂಗಳೂ ಕಳೆಯಿತು. ನಾವು ಮಲಗುವ ಕೋಣೆಗೆ ಪಕ್ಕದ ಮನೆಯ ಕಡೆ ಕಿಟಕಿ ಇಡಲು ನನಗೆ ಮನಸ್ಸಾಗಲಿಲ್ಲ. ಚಾಚಾ ಒಂದು ದಿನ ಬೀದಿಯಲ್ಲಿ ನಿಲ್ಲಿಸಿ ಕೇಳಿದ: "ತಮ್ಮ, ಕಿಟಕಿ ಎಲ್ಲಿಗೆ ಬಂತು? ಬಟನ್ ಹಚ್ಚಾಕ ಹಗಲೊತ್ತಿನಾಗೇ ಬುಡ್ಡಿ ಹಚ್ತೀನಿ."

"ಗ್ವಾಡಿ ಒಡದು ಕಿಟಕಿ ಇಡಬೇಕಂದ್ರ ಪರವಾನಗಿ ಬೇಕು ಚಾಚಾ. ಕಾನೂನು ಐತೆ," ಎಂದೆ.

ದೂರು ಕೊಡುವ ದಾರಿ ಚಾಚಾನಿಗಿರಲಿಲ್ಲ. ಕೋಣೆ ಹಳೆಯದು ಎಂದು ತಾನೇ ಹೇಳಿಬಿಟ್ಟಿದ್ದ. ಯಂತ್ರವನ್ನು ಜಗುಲಿಗೆ ತಂದ. ಮಳೆ ಬಂದರೆ ಎರಚಲು, ಬೇಸಿಗೆಯಲ್ಲಿ ಜಟಕಾಗಳ ಧೂಳು. ಹೊಲಿಯಲು ಕೊಟ್ಟ ಬಟ್ಟೆ ಹೊಲಸಾಗುತ್ತದೆಂದು ಗಿರಾಕಿಗಳು ತಕರಾರು ಮಾಡಿದರು. ಮರುವರ್ಷ ಮನೆ ಮಾರಿ ಹರಿಹರಕ್ಕೆ ಹೋದ.

ನಾಲ್ಕು ವರ್ಷದ ಮೇಲೆ, ತಪ್ಪಾಯಿತು ಎನ್ನಲೆಂದೇ ಹರಿಹರದ ಬಸ್ಸು ಹತ್ತಿದೆ. ಕೈಯಲ್ಲಿ ಮಗನ ಅಂಗಿಗೆಂದು ಬಟ್ಟೆಯಿತ್ತು. ಸಣ್ಣ ಅಂಗಡಿ, ಬಾಗಿಲಲ್ಲೇ ಯಂತ್ರ. ಅದರ ಮೇಲೆ ಬಿಸಿಲು ಬಿದ್ದಿತ್ತು.

"ಬಾ ತಮ್ಮ, ಕೂಡು. ಮ್ಯಾಲಿನ ಕ್ವಾಣ್ಯಾಗ ಗಾಳಿ ಆಡ್ತೈತೇನು?"

"ಆಡ್ತೈತೆ ಚಾಚಾ."

ಅವನು ಸೂಜಿಯನ್ನೂ ದಾರವನ್ನೂ ನನ್ನ ಕಡೆ ಚಾಚಿದ. "ಇದೊಂದು ಪೋಣಿಸಿ ಕೊಡು. ಬಿಸಿಲಾಗೂ ಕಾಣಂಗಿಲ್ಲ ಈಗ."

ಪೋಣಿಸಿ ಕೊಟ್ಟೆ. ಮಗನ ಅಂಗಿಯ ಅಳತೆ ಹೇಳಿದೆ. ಹೇಳಲು ಹೋದದ್ದನ್ನು ಹೇಳದೆ ಮುಂದಿನ ಬಸ್ಸಿಗೆ ಹಿಂತಿರುಗಿದೆ.