ಕಾಲುವೆ ಏರಿಯ ಮೇಲೆ ಎರಡು ಬೈಕು

ತೊಂಬತ್ತರ ದಶಕದ ಕೊನೆಯ ವರ್ಷಗಳಲ್ಲಿ ನಾನು ದಾವಣಗೆರೆಯ ಕಾಲೇಜೊಂದರಲ್ಲಿ ಗಣಿತ ಪಾಠ ಮಾಡುತ್ತಿದ್ದೆ. ಮನೆ ನಿಜಲಿಂಗಪ್ಪ ಬಡಾವಣೆಯಲ್ಲಿತ್ತು. ಕರೂರು ಕೈಗಾರಿಕಾ ಪ್ರದೇಶದಲ್ಲಿ ಲೇತ್ ಇಟ್ಟುಕೊಂಡಿದ್ದ ಗೆಳೆಯನೊಬ್ಬನಿದ್ದ. ನಾನು ಅವನನ್ನು ಭಾಯ್ ಎನ್ನುತ್ತಿದ್ದೆ, ಅವನಿಗೆ ನಾನು ಮೇಷ್ಟ್ರು. ಕಬ್ಬಿಣದ ತುಂಡನ್ನು ಅಂಗೈಯಲ್ಲಿ ತೂಗಿ ನೋಡಿಯೇ ಅದರಿಂದ ಏನು ಮಾಡಬಹುದೆಂದು ಹೇಳುವ ಮನುಷ್ಯ. ತನ್ನ ಬೈಕಿನ ಹಿಂದಿನ ಸೀಟನ್ನು ಕಿತ್ತುಹಾಕಿ, ಆ ಜಾಗದಲ್ಲಿ ತಾನೇ ಬೆಸುಗೆ ಹಾಕಿದ ಕ್ಯಾರಿಯರ್ ಕೂರಿಸಿ, ಅದರ ಮೇಲೆ ಪಾನಾ, ಸುತ್ತಿಗೆಗಳ ಪೆಟ್ಟಿಗೆಯನ್ನು ಬಿಗಿದಿದ್ದ.

ಡಾಂಬರು ರಸ್ತೆಯೆಂದರೆ ಅವನಿಗೆ ಬೇಸರ. ಭಾನುವಾರ ಬಂತೆಂದರೆ ಕಾಲುವೆ ಏರಿ, ಗುಡ್ಡದ ಬದಿ, ಎತ್ತಿನ ಗಾಡಿಯ ಜಾಡು ಹುಡುಕಿಕೊಂಡು ಹೊರಡುತ್ತಿದ್ದ. ಡಿಸೆಂಬರಿನ ಒಂದು ಭಾನುವಾರ ನನ್ನನ್ನೂ ನನ್ನ ಬೈಕಿನೊಡನೆ ಹೊರಡಿಸಿದ. ಭದ್ರಾ ಕಾಲುವೆಯ ಏರಿಗುಂಟ ಸುತ್ತು ಹಾಕಿ ಮಧ್ಯಾಹ್ನಕ್ಕೆ ಹರಿಹರದ ಹೊಳೆ ಸೇರುವುದೆಂದು ಮಾತಾಯಿತು.

ಏರಿ ಹತ್ತಿದ ಮೇಲೆ ಊರಿನ ಸದ್ದೆಲ್ಲ ಹಿಂದೆ ಉಳಿಯಿತು. ಎಡಕ್ಕೆ ನೀರಿಳಿದ ಕಾಲುವೆ, ಬಲಕ್ಕೆ ಕೊಯ್ಲಾದ ಗದ್ದೆ, ಕೂಳೆಯ ನಡುವೆ ಬೆಳ್ಳಕ್ಕಿಗಳು. ಗಾಳಿಗೆ ಹೊಸ ಹುಲ್ಲಿನ ವಾಸನೆಯಿತ್ತು. ಕೆಂಪು ಗರಸಿನ ದಾರಿ ಕಣ್ಣಿಗೆ ಚೆಂದ, ಚಕ್ರಕ್ಕೆ ಮಾತ್ರ ಕಷ್ಟ. ದುಂಡು ಕಲ್ಲುಗಳ ಮೇಲೆ ಮುಂದಿನ ಗಾಲಿ ತನಗೆ ಬೇಕಾದ ಕಡೆ ಹೊರಳುತ್ತಿತ್ತು. ಭಾಯ್ ಫುಟ್‌ರೆಸ್ಟ್ ಮೇಲೆ ನಿಂತು, ಮೊಣಕಾಲು ಸಡಿಲ ಬಿಟ್ಟು, ಕುದುರೆ ಸವಾರನ ಹಾಗೆ ಹೋಗುತ್ತಿದ್ದ. ತಿರುವಿನಲ್ಲಿ ಹಿಂದಿನ ಗಾಲಿ ಜಾರಿದರೂ ಅವನು ಅದನ್ನು ತಿದ್ದಲು ಅವಸರಪಡುತ್ತಿರಲಿಲ್ಲ. ಆ ನಿರಾಳವನ್ನು ನೋಡುತ್ತಲೇ ನಾನು ಬಿದ್ದೆ.

ಅವನು ತಿರುಗಿ ಬಂದ. ನಗಲಿಲ್ಲ. ತರಚಿದ ನನ್ನ ಮೊಣಕೈಗೆ ನೀರು ಹಾಕಿ ತೊಳೆದು, ಮುಂದಿನ ಗಾಲಿಯನ್ನು ತನ್ನ ಮಂಡಿಗಳ ನಡುವೆ ಸಿಕ್ಕಿಸಿ, ಸೊಟ್ಟಗಾದ ಹ್ಯಾಂಡಲನ್ನು ನೇರ ಮಾಡಿದ.

"ಗಾಡಿ ತಾನಾಗೇ ಹೋಗ್ತೈತೆ ಮೇಷ್ಟ್ರೇ. ನೀವು ಬಿಗಿ ಹಿಡ್ದಷ್ಟೂ ಅದಕ್ಕ ಗಾಬರಿ," ಎಂದ.

ಅಲ್ಲಿಂದ ಒಂದೆರಡು ಮೈಲಿ ಹೋಗಿರಬೇಕು. ಜಾಲಿ ಮರದ ನೆರಳಿನಲ್ಲಿ ಬಿಳಿ ಸೀರೆಯ ಹೆಂಗಸೊಬ್ಬರು ನಿಂತಿದ್ದರು. ಪಕ್ಕದಲ್ಲಿ ಮೊಪೆಡ್, ಕೈಯಲ್ಲಿ ಐಸ್ ತುಂಬಿದ ಲಸಿಕೆಯ ಡಬ್ಬಿ. ವಯಸ್ಸು ಐವತ್ತರ ಹತ್ತಿರ. ಅವರು ಆ ಕಡೆಯ ಹಳ್ಳಿಗಳ ನರ್ಸಮ್ಮ. ಮಕ್ಕಳಿಗೆ ಪೋಲಿಯೊ ಹನಿ ಹಾಕುವ ದಿನ, ಚೈನು ಹರಿದುಹೋಗಿದೆ, ಮುಂದಿನ ಹಳ್ಳಿಯಲ್ಲಿ ತಾಯಂದಿರು ಆಗಲೇ ಕಾದಿದ್ದಾರೆ ಎಂದು ವಿವರಿಸಿದರು. ಭಾಯ್ ಚೈನನ್ನು ಕೈಗೆತ್ತಿಕೊಂಡು ನೋಡಿ, ಸರಿ ಮಾಡಬಹುದು, ಆದರೆ ಹೊತ್ತು ಹಿಡಿಯುತ್ತದೆ ಎಂದ. ಐಸ್ ಅಷ್ಟು ಹೊತ್ತು ಕಾಯುವುದಿಲ್ಲವೆಂದು ನರ್ಸಮ್ಮ ಹೇಳಿದರು. ಅವನ ಬೈಕಿಗೆ ಹಿಂದಿನ ಸೀಟಿಲ್ಲ. ಇಬ್ಬರೂ ನನ್ನ ಕಡೆ ನೋಡಿದರು.

ನಾನು ಈಗತಾನೇ ಬಿದ್ದವನು ಎಂದು ಮೊಣಕೈ ತೋರಿಸಿದೆ. ಅವರು ಅದನ್ನು ವೃತ್ತಿಯ ಕಣ್ಣಿನಿಂದ ಒಮ್ಮೆ ನೋಡಿದರು.

"ತರಚಿದ್ದು ಅಷ್ಟೇ. ನಡೀರಿ ಸರ, ನಾ ದಾರಿ ಹೇಳ್ತೀನಿ," ಎನ್ನುತ್ತ ಡಬ್ಬಿಯನ್ನು ತೊಡೆಯ ಮೇಲಿಟ್ಟುಕೊಂಡು ಹಿಂದೆ ಕೂತೇಬಿಟ್ಟರು.

ಭಾಯ್ ಮುಂದೆ ನಿಧಾನವಾಗಿ ಜಾಡು ಹಾಕಿಕೊಡುತ್ತ ಹೋದ. ನಾನು ಅದನ್ನೇ ಹಿಡಿದು ಹೊರಟೆ. ನರ್ಸಮ್ಮನ ದನಿ ಬೆನ್ನ ಹಿಂದಿನಿಂದ ಸಮನಾಗಿ ಬರುತ್ತಿತ್ತು. ಈ ತಿರುವಿನಲ್ಲಿ ಗರಸು ಸಡಿಲ, ಒಳಗಡೆ ಹಿಡಿಯಿರಿ. ಆ ಮೋರಿಯ ಹತ್ತಿರ ಗುಂಡಿ ಇದೆ. ಇಳಿಜಾರಿನಲ್ಲಿ ಮುಂದಿನ ಬ್ರೇಕು ಮುಟ್ಟಬೇಡಿ. ಒಂದು ಕಡೆ ಒಕ್ಕಣೆಗೆಂದು ದಾರಿಯ ತುಂಬ ಭತ್ತದ ಹುಲ್ಲು ಹರಡಿದ್ದರು. ಬೈಕು ದೋಣಿಯಂತೆ ತೊನೆಯಿತು. ನನ್ನ ಬೆರಳು ಬ್ರೇಕಿನ ಮೇಲೆ ಹೋಗಿತ್ತು.

"ಬ್ಯಾಡ. ಹಿಂಗೇ ಬಿಡ್ರಿ, ಹೋಗ್ತೈತೆ," ಎಂದರು.

ಬಿಟ್ಟೆ. ಹೋಯಿತು. ಆ ಕ್ಷಣದಲ್ಲಿ ಕೈಗಳಿಂದ ಹೆದರಿಕೆ ಇಳಿದುಹೋದದ್ದು ನನಗೆ ಸ್ಪಷ್ಟವಾಗಿ ತಿಳಿಯಿತು. ಎಷ್ಟು ವರ್ಷದಿಂದ ಈ ದಾರಿಯಲ್ಲಿ ಓಡಾಡುತ್ತೀರಿ ಎಂದು ಕೇಳಿದೆ. ಹದಿನೆಂಟು ವರ್ಷ, ಮೊದಲ ಹತ್ತು ವರ್ಷ ಸೈಕಲ್ಲಿನಲ್ಲಿ ಎಂದರು.

ಹಳ್ಳಿಯ ಶಾಲೆಯ ಮುಂದೆ ಮಕ್ಕಳನ್ನು ಸೊಂಟಕ್ಕೇರಿಸಿಕೊಂಡ ತಾಯಂದಿರು ನಿಂತಿದ್ದರು. ನರ್ಸಮ್ಮ ಇಳಿದವರೇ ಸೆರಗು ಸಿಕ್ಕಿಸಿ ಡಬ್ಬಿ ತೆರೆದು ಬೆರಳಿಟ್ಟು ನೋಡಿದರು. ಐಸ್ ಇನ್ನೂ ಗಟ್ಟಿಯಾಗಿತ್ತು. ಒಬ್ಬ ಮುದುಕಿ ಮಾತ್ರ ಮೊಮ್ಮಗಳಿಗೆ ಹನಿ ಹಾಕಿಸಲು ಒಪ್ಪದೆ ಮನೆಯಲ್ಲೇ ಕೂತಿದ್ದಳಂತೆ. ನರ್ಸಮ್ಮ ಅವಳ ಹೊಸ್ತಿಲಿಗೇ ಹೋಗಿ ಕೂತರು. ಲಸಿಕೆಯ ಮಾತನ್ನೇ ಎತ್ತದೆ ಕುಡಿಯಲು ನೀರು ಕೇಳಿದರು, ಮುದುಕಿಯ ಕಾಲು ನೋವನ್ನು ವಿಚಾರಿಸಿದರು, ಮಗುವನ್ನು ತೊಡೆಗೆ ಎಳೆದುಕೊಂಡರು. ಸ್ವಲ್ಪ ಹೊತ್ತಿಗೆ ಮುದುಕಿಯೇ ಮಗುವಿನ ಗಲ್ಲ ಹಿಡಿದು ಬಾಯಿ ತೆರೆಸಿದಳು.

ಆಮೇಲೆ ಭಾಯ್ ತನ್ನ ಬೈಕನ್ನು ಹಳ್ಳಿಯಲ್ಲೇ ಬಿಟ್ಟು, ನನ್ನ ಹಿಂದೆ ಕೂತು ಮೊಪೆಡ್ ಇದ್ದಲ್ಲಿಗೆ ಬಂದ. ದಾರಿಯುದ್ದಕ್ಕೂ ಒಂದು ಸಲಹೆಯನ್ನೂ ಕೊಡಲಿಲ್ಲ. ಅದಕ್ಕಿಂತ ದೊಡ್ಡ ಮೆಚ್ಚುಗೆ ನನಗೆ ಬೇಕಿರಲಿಲ್ಲ. ಹರಿದ ಕೊಂಡಿಯನ್ನು ಕಲ್ಲಿನ ಮೇಲಿಟ್ಟು ಬಡಿದು ತೆಗೆದು, ತನ್ನ ಪೆಟ್ಟಿಗೆಯಿಂದ ತಂದಿದ್ದ ಇನ್ನೊಂದು ಕೊಂಡಿಯನ್ನು ಉಜ್ಜಿ ಉಜ್ಜಿ ಹೊಂದಿಸಿದ. ಮುಕ್ಕಾಲು ಗಂಟೆಯ ಕೆಲಸ. ಅವನು ಮೊಪೆಡ್ ಏರಿ ಹಳ್ಳಿಗೆ ಹೊರಟಾಗ, ಆರಡಿಯ ಆಳು ಆ ಸಣ್ಣ ಗಾಡಿಯ ಮೇಲೂ ಎದ್ದುನಿಂತೇ ಓಡಿಸಿದ.

ಹರಿಹರ ಸೇರಿದಾಗ ನಾಲ್ಕು ದಾಟಿತ್ತು. ತುಂಗಭದ್ರೆ ಬಂಡೆಗಳ ನಡುವೆ ತೆಳ್ಳಗೆ ಹರಿಯುತ್ತಿದ್ದಳು. ಮಂಡಕ್ಕಿ, ಮಿರ್ಚಿ ಕಟ್ಟಿಸಿಕೊಂಡು ಹೋಗಿ ನೀರಿಗೆ ಕಾಲು ಇಳಿಬಿಟ್ಟು ಕೂತೆವು. ಭಾಯ್ ಮಿರ್ಚಿಯ ತೊಟ್ಟು ಕಿತ್ತು ನೀರಿಗೆ ಎಸೆದ.

"ನಾ ಭಾನುವಾರ ಭಾನುವಾರ ಮಜಾಕ್ಕೆ ಓಡಿಸ್ತೀನಿ. ಆಯಮ್ಮ ಮಳೆಗಾಲದಾಗೂ ಓಡಿಸ್ತಾರೆ," ಎಂದ.

ಮುಂದಿನ ವಾರ ಅವನು ಹೊಸ ಚೈನು ತೆಗೆದುಕೊಂಡು ಆ ಹಳ್ಳಿಗೆ ಒಬ್ಬನೇ ಹೋಗಿ ಬಂದನಂತೆ. ನನಗೆ ಅದು ಗೊತ್ತಾದದ್ದು ತಿಂಗಳ ನಂತರ, ಅದೂ ನರ್ಸಮ್ಮ ಮೊಪೆಡ್ಡಿನ ಬ್ರೇಕು ಬಿಗಿಸಲು ಕರೂರಿನ ಅವನ ಲೇತ್ ಅಂಗಡಿಗೆ ಬಂದಾಗ. ನನ್ನನ್ನು ಕಂಡವರೇ ಮೊದಲು ತೋಳು ಹಿಡಿದು ಮೊಣಕೈ ತಿರುಗಿಸಿ ನೋಡಿದರು.